ಬಾಗಿಲ ಒಳಗಿನ ಹಾಡು

“ಯಾರದು?” ಎಂದು ಯಾರೇಲಿ ಕೇಳಿದಳು.

“ಪಾರ್ಸೆಲ್ ಬಂದಿದೆ. ಸೈನ್ ಮಾಡ್ಬೇಕು” ಎಂದಿತು ಬಾಗಿಲಾಚೆಯ ದಪ್ಪ ದನಿ.

“ನಾವೇನೂ ಆರ್ಡರ್ ಮಾಡಿಲ್ವಲ್ಲ.”

“ಹಿಮ ಬೀಳ್ತಾ ಇದೆ ಮಗು. ಕೈಯೆಲ್ಲ ಮರಗಟ್ಟಿಹೋಯ್ತು. ಒಂದೇ ನಿಮಿಷ ತೆಗಿಯಮ್ಮ, ನಿನ್ ದಮ್ಮಯ್ಯ.”

ಯಾರೇಲಿಯ ಕೈ ತಾನಾಗಿಯೇ ಚಿಲಕದತ್ತ ಹೋಯಿತು. ಟಕ್! ಬಾಗಿಲು ತೆರೆಯಿತು.

ಹೊರಗೆ ಬೇತೋ ನಿಂತಿದ್ದ. ಕಣ್ಣಿಗೆ ಕಪ್ಪು ಕನ್ನಡಕ, ಮೇಲ್ತುಟಿಗೆ ಕಪ್ಪು ಟೇಪಿನ ಮೀಸೆ. “ಸಿಕ್ಕಿಬಿದ್ರಿ! ನಡೀರಿ, ಎಲ್ರೂ ವ್ಯಾನ್ ಹತ್ತಿ!” ಎಂದು ಅವನು ಕಿರುಚಿದ.

ಚರ್ಚಿನ ನೆಲಮಾಳಿಗೆಯಲ್ಲಿ ಕುಳಿತಿದ್ದ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ನಿಜವಾದ ಮನೆಯ ಬಾಗಿಲಾಗಿರಲಿಲ್ಲ. ಹಳೆಯ ಕುರ್ಚಿಗಳನ್ನು ತುಂಬಿಟ್ಟಿದ್ದ ಕೋಣೆಯ ಬಾಗಿಲು. ಪ್ರತಿ ಬುಧವಾರ ಶಾಲೆ ಬಿಟ್ಟ ಮೇಲೆ ಅಲ್ಲಿ ‘ಬಾಗಿಲು ಕ್ಲಾಸ್’ ನಡೆಯುತ್ತಿತ್ತು.

“ಮತ್ತೆ ತೆಗೆದುಬಿಟ್ಟೆಯಲ್ಲೇ ಹುಡುಗಿ!” ಎಂದಳು ಸಿತ್ಲಾಲಿ. ಕಾಲೇಜಿನಲ್ಲಿ ಓದುತ್ತಿದ್ದ ಸಿತ್ಲಾಲಿಯನ್ನು ಬೀದಿಯ ಮಕ್ಕಳೆಲ್ಲ ಅಕ್ಕ ಎನ್ನುತ್ತಿದ್ದರು. ಈ ಕ್ಲಾಸು ಅವಳದೂ ಅವಳ ಗೆಳೆಯರದೂ ಕೆಲಸ.

“ಅವ್ನು ಚಳಿ ಅಂದ ಅಕ್ಕ” ಎಂದಳು ಯಾರೇಲಿ. ಅವಳ ಕಿವಿ ಬಿಸಿಯಾಗಿತ್ತು. “ಚಳೀಲಿ ಯಾರನ್ನೂ ಹೊರಗೆ ನಿಲ್ಲಿಸಬಾರ್ದು ಅಂತಾಳೆ ನಮ್ಮಜ್ಜಿ.”

“ನಿಮ್ಮಜ್ಜಿ ಹೇಳೋದು ಸರಿ. ಆದ್ರೆ ಮೀಗ್ರಾದವರು ನಿಮ್ಮಜ್ಜಿಯ ನೆಂಟರಲ್ಲ.”

ಆ ದೇಶದಲ್ಲಿರಲು ಕಾಗದಪತ್ರ ಇಲ್ಲದವರನ್ನು ಹಿಡಿದು ಹೊರಗೆ ಕಳಿಸುವ ಸರ್ಕಾರಿ ಅಧಿಕಾರಿಗಳಿಗೆ ಆ ಬೀದಿಯ ಜನ ಇಟ್ಟಿದ್ದ ಹೆಸರು ಮೀಗ್ರಾ. ಶಿಕಾಗೋದ ಆ ಭಾಗದಲ್ಲಿ ಚಳಿಗಾಲ ಶುರುವಾದಾಗಿನಿಂದಲೂ ಅವರ ಕಾರುಗಳು ಸುಳಿದಾಡುತ್ತಿದ್ದವು. ಪಕ್ಕದ ಬೀದಿಯಲ್ಲಿ ಹೈಸ್ಕೂಲು ಹುಡುಗನೊಬ್ಬನನ್ನು ಒಯ್ದಿದ್ದರು. ಅವನ ತಂಗಿ ಯಾರೋ ಏನೋ ಎಂದು ಬಾಗಿಲು ತೆರೆದಿದ್ದಳಂತೆ.

ಸಿತ್ಲಾಲಿ ಎಲ್ಲರ ಕೈಯಲ್ಲೂ ಮತ್ತೊಮ್ಮೆ ಪಾಠ ಹೇಳಿಸಿದಳು. ಬಾಗಿಲು ತೆಗೆಯಬಾರದು. ಕೋರ್ಟಿನ ಹೆಸರೂ ಜಡ್ಜ್ ಸಹಿಯೂ ಇರುವ ಕಾಗದ ಇದ್ದರೆ ಕಿಟಕಿಯ ಗಾಜಿಗೆ ಹಿಡಿದು ತೋರಿಸಿ ಎನ್ನಬೇಕು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಹೇಳಬಾರದು. ಕೂಡಲೇ ಅವಳಿಗೆ ಫೋನ್ ಮಾಡಬೇಕು.

“ಫೋನ್ ಬಂದ್ರೆ ಏನಾಗುತ್ತೆ?” ಎಂದು ಒಬ್ಬ ಪುಟ್ಟ ಹುಡುಗಿ ಕೇಳಿದಳು.

“ಇಡೀ ಬೀದೀಗೆ ಮೆಸೇಜ್ ಹೋಗುತ್ತೆ. ಕಾಗದ ಇರೋರು ಹೊರಗೆ ಬಂದು ನಿಲ್ತಾರೆ, ವೀಡಿಯೋ ಮಾಡ್ತಾರೆ. ಇಲ್ಲದೋರು ಬಾಗಿಲು ಹಾಕ್ಕೊಂಡು ಒಳಗೇ ಇರ್ತಾರೆ. ನಾನೂ ಒಳಗೇ.” ಸಿತ್ಲಾಲಿ ತನ್ನ ವಿಷಯವನ್ನು ಹೀಗೆ ಎಲ್ಲರೆದುರೂ ಹೇಳಿಬಿಡುತ್ತಿದ್ದಳು. ಆದರೆ ಕೂಡಲೇ ಬೆರಳೆತ್ತಿದಳು. “ನಾನಾಗಿ ಹೇಳಿದೆ ಅಂತ ನೀವು ಬೇರೆಯವರನ್ನ ಕೇಳೋ ಹಾಗಿಲ್ಲ. ಯಾರ ಹತ್ರ ಕಾಗದ ಇದೆ, ಯಾರ ಹತ್ರ ಇಲ್ಲ ಅನ್ನೋದು ಅವರವರ ಮನೆ ಮಾತು. ತಿಳೀತಾ?”

“ತಿಳೀತು” ಎಂದರು ಎಲ್ಲರೂ.

ಮನೆಯತ್ತ ಹೋಗುವಾಗ ಬೇತೋ ಮೀಸೆ ತೆಗೆದಿರಲಿಲ್ಲ. ಅವನ ಮನೆ ಯಾರೇಲಿಯ ಮನೆಗೆ ಎದುರು. ಇಬ್ಬರದೂ ಒಂದೇ ತರಗತಿ.

“ನಿಮ್ಮನೇಲಿ ಚಿಲಕ ಯಾಕಾದ್ರೂ ಇದ್ಯೋ! ಬದಲಿಗೆ ಪರದೆ ಹಾಕ್ಕೊಳ್ಳಿ” ಎಂದು ಅವನು ರೇಗಿಸಿದ.

“ನೀನು ಸುಮ್ನಿರೋ ಟೇಪ್ ಮೀಸೆ.”

ನಕ್ಕಳೇ ಹೊರತು ಅವಳಿಗೆ ನಗು ಬಂದಿರಲಿಲ್ಲ. ಯಾರೇಲಿ ಹುಟ್ಟಿದ್ದು ಇದೇ ಊರಿನ ಆಸ್ಪತ್ರೆಯಲ್ಲಿ. ಅವಳ ಅಣ್ಣ ಎಫ್ರೇನ್ ಮಾತ್ರ ಮೆಕ್ಸಿಕೋದ ಪ್ವೆಬ್ಲಾದಲ್ಲಿ ಹುಟ್ಟಿ, ಎರಡು ವರ್ಷದ ಕೂಸಾಗಿದ್ದಾಗ ಅಮ್ಮ ಮತ್ತು ಅಜ್ಜಿಯ ಜೊತೆ ಇಲ್ಲಿಗೆ ಬಂದವನು. ಈಗ ಅವನಿಗೆ ಹತ್ತೊಂಬತ್ತು. ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಪ್ವೆಬ್ಲಾದಲ್ಲಿ ಅವನಿಗೆ ಗೊತ್ತಿರುವವರು ಒಬ್ಬರೂ ಇಲ್ಲ. ಮನೆಯಲ್ಲಿ ಕಾಗದ ಇದ್ದದ್ದು ಯಾರೇಲಿಯೊಬ್ಬಳ ಹತ್ತಿರವೇ.

*

ಶನಿವಾರ ಬೆಳಿಗ್ಗೆ ಇಡೀ ಮನೆ ದಾಲ್ಚಿನ್ನಿಯ ಪರಿಮಳದಲ್ಲಿ ಮುಳುಗಿತ್ತು. ಆ ಸಂಜೆಯ ಪೊಸಾದಾ ಅವರ ಮನೆಯಲ್ಲಿ. ಅಜ್ಜಿ ದೊಡ್ಡ ಪಾತ್ರೆಯಲ್ಲಿ ಸೀಬೆಹಣ್ಣು, ಕಬ್ಬಿನ ತುಂಡು, ಬೆಲ್ಲ ಹಾಕಿ ಪೊಂಚೆ ಕುದಿಸುತ್ತಿದ್ದಳು. ಅಮ್ಮ ಕಾರ್ಖಾನೆಗೆ ಹೋಗಿದ್ದಳು. ಎಫ್ರೇನ್ ಹಿಂದಿನ ಕೋಣೆಯಲ್ಲಿ ಮಿಠಾಯಿ ತುಂಬುವ ಕಾಗದದ ನಕ್ಷತ್ರಕ್ಕೆ ಬಣ್ಣದ ಝಾಲರಿ ಅಂಟಿಸುತ್ತಿದ್ದ.

ಕ್ರಿಸ್‌ಮಸ್ಸಿಗೆ ಮುಂಚಿನ ಪೊಸಾದಾದ ಒಂಬತ್ತು ಸಂಜೆಗಳಲ್ಲಿ ಬೀದಿಯ ಜನ ದಿನಕ್ಕೊಂದು ಮನೆಯ ಮುಂದೆ ಸೇರುತ್ತಿದ್ದರು. ಹೊರಗೆ ನಿಂತವರು ಹಾಡಿನಲ್ಲೇ ತಂಗಲು ಜಾಗ ಕೇಳುವರು. ಒಳಗಿದ್ದವರು ಬಾಗಿಲು ಹಾಕಿಕೊಂಡು, ಇದೇನು ಛತ್ರವೇ, ನಡೆಯಿರಿ ಮುಂದೆ, ಎಂದು ಹಾಡಿನಲ್ಲೇ ಗದರಿಸುವರು. ಹೀಗೆ ಕೇಳುವುದೂ ಇಲ್ಲವೆನ್ನುವುದೂ ಸಾಕಷ್ಟು ನಡೆದ ಮೇಲೆ, ಬಂದವರು ಏಸುವಿನ ತಾಯ್ತಂದೆ ಮೇರಿ ಮತ್ತು ಜೋಸೆಫ್ ಎಂದು ಒಳಗಿನವರಿಗೆ ಗುರುತು ಸಿಗುತ್ತದೆ. ಆಗ ರಾಗ ಬದಲಾಗುತ್ತದೆ, ಬಾಗಿಲು ತೆರೆಯುತ್ತದೆ, ಎಲ್ಲರೂ ನುಗ್ಗಿ ಪೊಂಚೆ ಕುಡಿಯುತ್ತಾರೆ.

“ಏ ಮಿಡತೆ!” ಎಂದು ಎಫ್ರೇನ್ ಒಳಗಿನಿಂದ ಕೂಗಿದ. ಯಾರೇಲಿಯ ಉದ್ದ ಕಾಲುಗಳಿಗೆ ಅವನಿಟ್ಟ ಹೆಸರು ಅದು. “ಕತ್ತರಿ ತಂದ್ಕೊಡೆ.”

“ನಿನ್ ಕಾಲೇನು ಗೋಂದಿಗೆ ಅಂಟ್ಕೊಂಡಿದ್ಯಾ?”

“ಹೂಂ, ಬಂದು ನೋಡು.”

ಕತ್ತರಿ ಹಿಡಿದು ಅವಳು ಎದ್ದಾಗಲೇ ಬಾಗಿಲು ಸದ್ದಾಯಿತು. ಜೋರಾಗಿ ಅಲ್ಲ, ಮೆಲ್ಲಗೆ, ಮರ್ಯಾದೆಯಿಂದ.

“ಯಾರದು?”

“ಪುಟ್ಟೀ, ಗುಡ್ ಮಾರ್ನಿಂಗ್. ನಾವು ಆಫೀಸರ್ಸ್. ಒಂದು ಚಿಕ್ಕ ವಿಷಯ ಕೇಳೋದಿತ್ತು, ಬಾಗಿಲು ತೆಗೀತೀಯಾ?” ಗಂಡಸಿನ ದನಿ. ಸ್ಪ್ಯಾನಿಷ್ ಚೆನ್ನಾಗಿತ್ತು. ಚರ್ಚಿನಲ್ಲಿ ಪಕ್ಕದಲ್ಲಿ ಕುಳಿತ ಮಾವನೊಬ್ಬ ಮಾತಾಡಿಸಿದಂತೆ ಇತ್ತು.

ಯಾರೇಲಿ ಕಿಟಕಿಯ ಪರದೆಯ ಅಂಚನ್ನು ಸರಿಸಿದಳು. ಮೆಟ್ಟಿಲ ಮೇಲೆ ಇಬ್ಬರು. ಎದೆಗೆ ದಪ್ಪ ಕವಚ. ರಸ್ತೆಯಲ್ಲಿ ನಂಬರ್ ಪ್ಲೇಟಿಗೆ ಹಿಮ ಮೆತ್ತಿದ್ದ ಬೂದು ಬಣ್ಣದ ಕಾರು.

ಅವಳು ಅಜ್ಜಿಯತ್ತ ತಿರುಗಿದಳು. ಅಜ್ಜಿ ಅವಳ ಮುಖ ನೋಡಿದಳು. ಒಲೆ ಆರಿಸಿ ಫೋನ್ ಎತ್ತಿಕೊಂಡಳು.

ಎಫ್ರೇನ್ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ. ಅವನ ಬೆರಳುಗಳಿಗೆಲ್ಲ ಗುಲಾಬಿ ಕಾಗದದ ಚೂರು ಅಂಟಿತ್ತು. ಅವನು ಮುಂದೆ ಒಂದು ಹೆಜ್ಜೆ ಇಟ್ಟ. ಯಾರೇಲಿ ಎರಡೂ ಕೈಗಳಿಂದ ಗಾಳಿಯನ್ನು ಹಿಂದಕ್ಕೆ ತಳ್ಳಿ ತೋರಿಸಿದಳು: ಒಳಗೆ ಹೋಗು, ಒಳಗೆ! ಅವನು ನಿಂತೇ ಇದ್ದ. ಅಜ್ಜಿ ಫೋನನ್ನು ಕಿವಿಗೆ ಒತ್ತಿಕೊಂಡೇ ಹೋಗಿ, ಅವನ ಎದೆಯ ಮೇಲೆ ಅಂಗೈ ಇಟ್ಟು, ಚಿಕ್ಕವನನ್ನು ಮಲಗಲು ಕಳಿಸಿದಂತೆ ಹಿಂದಕ್ಕೆ ನಡೆಸಿದಳು.

“ಪುಟ್ಟೀ, ಕೇಳಿಸ್ತಾ? ಎಫ್ರೇನ್ ಮನೇಲಿದ್ದಾನಾ?”

ಆ ದನಿಗೆ ಅಣ್ಣನ ಹೆಸರು ಗೊತ್ತಿತ್ತು. “ನಾನು… ನಾನು ಅದಕ್ಕೆ ಉತ್ತರ ಹೇಳಲ್ಲ.”

“ಜಾಣೆ ನೀನು. ಹೆದರಬೇಡ. ನಿಮ್ಮಣ್ಣಂಗೇನೂ ಮಾಡಲ್ಲ, ಎರಡು ಮಾತಾಡಿ ಕಳಿಸಿಬಿಡ್ತೀವಿ.”

“ಕೋರ್ಟಿನ ಕಾಗದ ಇದ್ರೆ ಕಿಟಕಿ ಹತ್ರ ತೋರಿಸಿ. ಜಡ್ಜ್ ಸಹಿ ಇರ್ಬೇಕು.”

ಆಮೇಲೆ ಒಂದು ಕಾಗದ ಕಿಟಕಿಯ ಗಾಜಿಗೆ ಅಂಟಿ ನಿಂತಿತು. ಅದರಲ್ಲಿ ಎಫ್ರೇನ್‌ನ ಹೆಸರಿತ್ತು, ದೊಡ್ಡ ಮೊಹರಿತ್ತು. ಯಾರೇಲಿ ಬೆರಳಿಟ್ಟು ಹುಡುಕಿದಳು. ಮೇಲೆ ಕೋರ್ಟಿನ ಹೆಸರಿಲ್ಲ. ಕೆಳಗೆ ಇದ್ದದ್ದು ಅವರದೇ ಕಚೇರಿಯ ಯಾರದೋ ಸಹಿ.

“ಇದು ಜಡ್ಜ್ ಕೊಟ್ಟಿದ್ದಲ್ಲ. ನಾನು ತೆಗೆಯಲ್ಲ” ಎಂದಳು. ದನಿ ನಡುಗಿತು, ಮಾತು ನಡುಗಲಿಲ್ಲ.

“ಸರಿಯಮ್ಮ, ಸರಿ” ಎಂದ ಅವನು, ಸ್ವಲ್ಪವೂ ಸಿಟ್ಟಿಲ್ಲದೆ. “ಆದ್ರೆ ನೋಡು, ಎಷ್ಟು ಚಳಿ ಇದೆ. ಒಳಗೆ ಏನೋ ಕುದೀತಿದೆ, ಘಮ್ಮಂತಿದೆ. ನಮ್ಮಮ್ಮನೂ ಹೀಗೇ ಮಾಡ್ತಿದ್ಲು. ಮನೆಗೆ ಬಂದವರನ್ನ ಬಾಗಿಲಲ್ಲೇ ನಿಲ್ಲಿಸ್ತಾರಾ, ಹೇಳು?”

ಅವನು ನಿಲ್ಲಿಸಲಿಲ್ಲ. ಸಣ್ಣ ದನಿಯಲ್ಲಿ ಮಾತಾಡುತ್ತಲೇ ಇದ್ದ. ನಿನ್ನ ಶಾಲೆ ಯಾವುದು ಎಂದ. ನಿನ್ನಿಂದಾಗಿ ನಿಮ್ಮಣ್ಣನಿಗೇ ತೊಂದರೆ ಹೆಚ್ಚಾಗುತ್ತದೆ ಎಂದ. ಮತ್ತೆ ಚಳಿ ಎಂದ. ಯಾರೇಲಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಬೀದಿಯವರು ಬಂದರೋ ಇಲ್ಲವೋ ಅವಳಿಗೆ ಕಾಣುತ್ತಿರಲಿಲ್ಲ; ಕಾಗದ ಇನ್ನೂ ಗಾಜನ್ನು ಮುಚ್ಚಿತ್ತು. ಮೆಟ್ಟಿಲ ಕೆಳಗೆ ಹಿಮ ತುಳಿದ ಸದ್ದೇನೋ ಕೇಳಿಸಿತು. ಅದು ಇನ್ನಷ್ಟು ಮೀಗ್ರಾದವರದ್ದಾಗಿದ್ದರೆ?

ಆಗ ಹೊರಗಿನಿಂದ ಒಡಕು ದನಿಯೊಂದು ಎದ್ದಿತು.

ಬೇತೋ! ಅವನು ಹಾಡುತ್ತಿದ್ದ. ಪೊಸಾದಾದ ಹಾಡು! ಹೊರಗಿನವರು ಜಾಗ ಕೇಳುವ ಮೊದಲ ಸಾಲು. ಬೆಳಗಿನ ಹತ್ತು ಗಂಟೆಗೆ!

“ಏ ಹುಡುಗ, ಏನಿದು?” ಎಂದ ಇನ್ನೊಬ್ಬ ಅಧಿಕಾರಿ.

“ಹಾಡು ಸರ್” ಎಂದ ಬೇತೋ. “ಕ್ರಿಸ್‌ಮಸ್ ಅಲ್ವಾ? ಪ್ರಾಕ್ಟೀಸು.”

ಮುಂದಿನ ಸಾಲಿಗೆ ಮೇಲಿನ ಮನೆಯ ದೋನ್ಯಾ ರೆಮೇದಿಯೋಸ್ ದನಿ ಸೇರಿತು. ಮೂರನೆಯ ಸಾಲಿಗೆ ಹತ್ತು ಹದಿನೈದು ಜನ. ಬಾಗಿಲ ಹತ್ತಿರದ ಆ ಮೆಲುದನಿ ಹಾಡಿನ ಕೆಳಗೆ ಹೂತುಹೋಯಿತು. ಯಾರೇಲಿ ಉಸಿರು ಬಿಟ್ಟಳು. ಬಂದಿದ್ದಾರೆ. ಎಲ್ಲರೂ ಅಲ್ಲೇ ಇದ್ದಾರೆ.

ಹೊರಗಿನವರ ಪಾಲು ಮುಗಿಯಿತು. ಹಾಡು ನಿಂತು ಕಾಯಿತು. ಈಗ ಉತ್ತರ ಕೊಡಬೇಕಾದವಳು ಒಳಗಿದ್ದವಳು.

ಅವಳು ಬಾಯಿ ತೆರೆದಳು. ಮೊದಲು ದನಿ ಇಲಿಯ ದನಿಯಂತೆ ಬಂತು. ಇದು ಛತ್ರವಲ್ಲ, ಮುಂದೆ ನಡೆಯಿರಿ. ಅಜ್ಜಿ ಅವಳ ಹಿಂದೆ ನಿಂತು ಹೆಗಲು ಹಿಡಿದು ಹಾಡತೊಡಗಿದಳು. ಎರಡು ದನಿ. ಅಷ್ಟರಲ್ಲಿ…

ಯಾರೇಲಿ ಹಾಡುತ್ತಲೇ ತಲೆಯೆತ್ತಿದಳು. ಒಳಗಿನವರ ಪಾಲನ್ನು ಇನ್ಯಾರೋ ಹಾಡುತ್ತಿದ್ದರು. ಮೆಟ್ಟಿಲಲ್ಲಿದ್ದವರಲ್ಲ. ದೂರದಿಂದ, ಮುಚ್ಚಿದ ಕಿಟಕಿಗಳ ಹಿಂದಿನಿಂದ. ಮೂಲೆಯ ಮನೆಯಿಂದ ಒಂದು ಹೆಣ್ಣು ದನಿ, ಅದು ಸಿತ್ಲಾಲಿಯದು. ಗೋಡೆಯ ಆಚೆಯಿಂದ ಇಬ್ಬರು ಮುದುಕರು. ಬೇಕರಿಯ ಮೇಲಿನ ಮಹಡಿಯಿಂದ ಯಾರೋ. ಬಾಗಿಲ ಹೊರಗೆ ಕಾಲಿಡುವಂತಿಲ್ಲದವರೆಲ್ಲ ತಮ್ಮ ತಮ್ಮ ಬಾಗಿಲ ಹಿಂದೆ ನಿಂತು, ಯಾರೇಲಿಯ ಜೊತೆ, ಇಲ್ಲ ಎಂದು ಹಾಡುತ್ತಿದ್ದರು.

ಅವರ ನಡುವೆ ಎದುರು ಮನೆಯಿಂದ ಗುಡುಗಿನಂಥ ಒಂದು ದನಿ ಬಂತು. ಆ ದನಿ ಗೊತ್ತಿಲ್ಲದ ಮಕ್ಕಳು ಆ ಬೀದಿಯಲ್ಲಿರಲಿಲ್ಲ. ಬೇಸಿಗೆಯಲ್ಲಿ ಗಾಡಿ ತಳ್ಳಿಕೊಂಡು ಬೇಯಿಸಿದ ಜೋಳ ಮಾರುವ ದನಿ ಅದು. ದೋನ್ ಆನ್ಸೆಲ್ಮೋ. ಬೇತೋನ ಅಪ್ಪ.

ಅವರು ಹೊರಗೆ ಬಂದಿರಲಿಲ್ಲ. ಒಳಗೇ ಇದ್ದರು.

ಯಾರೇಲಿಗೆ ಯೋಚಿಸಲು ಹೊತ್ತಿರಲಿಲ್ಲ. ಹೊರಗಿನವರು ಮತ್ತೆ ಕೇಳಿದರು, ಒಳಗಿನವರು ಮತ್ತೆ ಗದರಿದರು. ಅವಳ ದನಿ ಈಗ ದಪ್ಪವಾಗಿತ್ತು. ನಡುಕ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಹಾಡು ಬಂಡಿಯಂತೆ ಉರುಳಿಕೊಂಡು ಹೋಗಿ, ಹೊರಗಿನವರು ತಮ್ಮ ಹೆಸರು ಹೇಳುವ ಸಾಲಿಗೆ ಬಂತು. ಬೇತೋ ಖುಷಿಯಲ್ಲಿ ಆ ಸಾಲನ್ನು ಎಲ್ಲರಿಗಿಂತ ಜೋರಾಗಿ ಕಿರುಚಿದ. ಇನ್ನು ಉಳಿದದ್ದು ಒಂದೇ. ರಾಗ ಬದಲಾಗಬೇಕು, ಬಾಗಿಲು ತೆರೆಯಬೇಕು.

ಅವಳ ಕೈ ಚಿಲಕದ ಮೇಲಿತ್ತು.

ಅದು ಯಾವಾಗ ಅಲ್ಲಿಗೆ ಹೋಯಿತೋ ಅವಳು ನೋಡಿರಲಿಲ್ಲ. ಹುಟ್ಟಿದಾಗಿನಿಂದ ಪ್ರತಿ ವರ್ಷ ಈ ಸಾಲಿಗೆ ಬಾಗಿಲು ತೆರೆದಿತ್ತು. ಪಕ್ಕದಲ್ಲಿ ನೋಡಿದರೆ ಅಜ್ಜಿಯ ಕೈಯೂ ಅರ್ಧ ಮೇಲೆದ್ದಿತ್ತು. ಹೊರಗೆ ಎಲ್ಲರಿಗೂ ಒಮ್ಮೆಲೇ ಅದು ಹೊಳೆದಿರಬೇಕು. ಇಡೀ ಬೀದಿ ಗಪ್ಪೆಂದಿತು.

ಚಿಲಕ ತಣ್ಣಗಿತ್ತು. ಬಾಗಿಲಾಚೆ ಬೂಟಿನ ಕಾಲೊಂದು ಹತ್ತಿರ ಸರಿಯಿತು.

ಯಾರೇಲಿ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು. ಉಸಿರು ತುಂಬಿಕೊಂಡಳು. ಆಮೇಲೆ ಎಂದೂ ಯಾರೂ ಮಾಡದ ಕೆಲಸ ಮಾಡಿದಳು. ಕೊನೆಯ ಸಾಲನ್ನು ಬಿಟ್ಟು, ಹಿಂದಕ್ಕೆ ಹೋಗಿ, ಒಳಗಿನವರ ಮೊದಲ ಸಾಲನ್ನೇ ಎತ್ತಿಕೊಂಡಳು. ಇದು ಛತ್ರವಲ್ಲ. ಮುಂದೆ ನಡೆಯಿರಿ.

ಹೊರಗೆ ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ದೋನ್ಯಾ ರೆಮೇದಿಯೋಸ್ ಕೇಕೆ ಹಾಕಿ ನಕ್ಕಳು. “ಅಯ್ಯೋ ನನ್ ರಾಣಿ! ಮತ್ತೆ ಮೊದಲಿಂದ! ಎಲ್ರೂ ಹಾಡ್ರೋ, ಮತ್ತೆ ಮೊದಲಿಂದ!”

ಹಾಡು ಎರಡನೆಯ ಸಲ ಶುರುವಾಯಿತು. ಮುಗಿಯುವ ಹೊತ್ತಿಗೆ ಮತ್ತೆ ಮೊದಲಿಗೆ ಹೋಯಿತು. ಮೂರನೆಯ ಸಲಕ್ಕೆ ಜನ ಕಾಲಲ್ಲಿ ತಾಳ ಹಾಕುತ್ತಿದ್ದರು. ನಾಲ್ಕನೆಯ ಸಲಕ್ಕೆ ಯಾರೋ ಗಿಟಾರ್ ತಂದಿದ್ದರು. ಯಾರೂ ಅಧಿಕಾರಿಗಳನ್ನು ಮುಟ್ಟಲಿಲ್ಲ, ಬೈಯಲಿಲ್ಲ, ಅವರ ದಾರಿಗೆ ಅಡ್ಡ ನಿಲ್ಲಲಿಲ್ಲ. ಫೋನುಗಳನ್ನು ಮೇಲೆತ್ತಿ ಹಿಡಿದು ಹಾಡಿದರು, ಅಷ್ಟೇ.

ಕಿಟಕಿಯ ಮೇಲಿನ ಕಾಗದ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಕಾರಿನ ಬಾಗಿಲುಗಳು ದಡ್, ದಡ್ ಎಂದವು.

ಆದರೂ ಯಾರೇಲಿ ಬಾಗಿಲು ತೆಗೆಯಲಿಲ್ಲ. ಫೋನ್ ಬರುವವರೆಗೆ ಹಾಗೇ ನಿಂತಿದ್ದಳು.

“ದೊಡ್ಡ ರಸ್ತೆ ದಾಟಿ ಹೋದ್ರಂತೆ. ನಮ್ಮ ಹುಡುಗರು ನೋಡಿದ್ದಾರೆ” ಎಂದಳು ಸಿತ್ಲಾಲಿ. ಹಾಡಿ ಹಾಡಿ ಅವಳ ಗಂಟಲು ಕಟ್ಟಿಹೋಗಿತ್ತು. “ಇವತ್ತೇ ವಕೀಲರನ್ನ ಕರೀತೀನಿ. ಅವರು ಹೇಳೋವರೆಗೂ ಎಫ್ರೇನ್ ಅಂಗಡಿಗೆ ಹೋಗೋದು ಬೇಡ. ಈಗ ತೆಗಿ ಕಣೇ, ಪಾಪ, ಅವ್ರೆಲ್ಲ ನಿಜವಾಗ್ಲೂ ಚಳೀಲಿದ್ದಾರೆ.”

ಯಾರೇಲಿ ಚಿಲಕ ಸರಿಸಿದಳು.

ಬೂಟುಗಳೊಂದಿಗೆ ಹಿಮವೂ ಒಳಗೆ ನುಗ್ಗಿತು. “ನನ್ ನೆಲ! ನನ್ ನೆಲ!” ಎಂದು ಅಜ್ಜಿ ಬೈಯುತ್ತಲೇ ಲೋಟಗಳಿಗೆ ಪೊಂಚೆ ಸುರಿದಳು. ಎಫ್ರೇನ್ ಹಿಂದಿನ ಕೋಣೆಯಿಂದ ಬಂದು ಯಾರೇಲಿಯ ಮುಂದೆ ಮಂಡಿಯೂರಿ ಕುಳಿತ. ಗೋಂದು ಮೆತ್ತಿದ ಕೈಗಳಿಂದಲೇ ಅವಳನ್ನು ತಬ್ಬಿಕೊಂಡ. ಬಿಡಿಸಿಕೊಂಡಾಗ ಅವಳ ಸ್ವೆಟರಿನ ಬೆನ್ನಿಗೆ ಗುಲಾಬಿ ಕಾಗದದ ಚೂರುಗಳು ಅಂಟಿದ್ದವು.

“ಸಂಜೆಗೆ ಇನ್ನೊಂದು ಪಾತ್ರೆ ಮಾಡ್ಬೇಕಾಯ್ತು” ಎಂದು ಅಜ್ಜಿ ಗೊಣಗಿದಳು. ಅವಳ ಕಣ್ಣು ಒದ್ದೆಯಾಗಿದ್ದರೂ ಸೌಟು ನಿಲ್ಲಲಿಲ್ಲ.

ಬೇತೋ ಎಲ್ಲರಿಗಿಂತ ಕೊನೆಗೆ ಒಳಗೆ ಬಂದ.

“ಮೂರನೇ ಸಲ ನೀನು ಶ್ರುತಿ ಬಿಟ್ಟೆ” ಎಂದ.

“ನಿಂಗೆ ಮೊದಲನೇ ಸಲಾನೇ ಶ್ರುತಿ ಇರ್ಲಿಲ್ಲ.”

“ನಾನು ಶುರು ಮಾಡ್ದೆ ಇದ್ದಿದ್ರೆ ನೀವೆಲ್ಲ ಬಾಯಿ ಮುಚ್ಕೊಂಡು ನಿಂತಿರ್ತಿದ್ರಿ.”

“ಹೌದು ಕಣೋ” ಎಂದಳು ಯಾರೇಲಿ.

ಇಷ್ಟು ಸುಲಭವಾಗಿ ಒಪ್ಪಿಕೊಂಡಳಲ್ಲ ಎಂದು ಬೇತೋಗೆ ಇರುಸುಮುರುಸಾಯಿತು. ಲೋಟದೊಳಗಿನ ಕಬ್ಬಿನ ತುಂಡನ್ನು ಸುತ್ತ ತಿರುಗಿಸಿದ. ಆಮೇಲೆ, ಮುಖ ನೋಡದೆ, ಸಣ್ಣಗೆ ಕೇಳಿದ. “ಒಳಗಿನ ಪಾಲು ಯಾರ್ಯಾರು ಹಾಡ್ತಿದ್ರು… ನಿಂಗೆ ಕೇಳಿಸ್ತಾ?”

ಯಾರೇಲಿ ಅವನನ್ನು ನೋಡಿದಳು. ಕ್ಲಾಸಿನಲ್ಲಿ, ಬೀದಿಯಲ್ಲಿ, ಎಲ್ಲೆಲ್ಲೂ ಹಲ್ಲು ಕಿರಿಯುವ ಬೇತೋನ ಮುಖದಲ್ಲಿ ಒಂದಿಷ್ಟೂ ನಗು ಇರಲಿಲ್ಲ. ಮನೆಯೊಳಗೆ ಅಣ್ಣನೊಬ್ಬ ಇರುವಾಗ ಬಾಗಿಲು ಬಡಿದ ಸದ್ದಿಗೆ ಹೇಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಪ್ಪನಾದರೂ ಹಾಗೇ ಆಗುತ್ತದೆ. ಅವನಿಗೂ ಪ್ರತಿದಿನ ಹಾಗೇ ಆಗುತ್ತಿತ್ತು. ಅವಳ ಜೊತೆಯಲ್ಲೇ ಶಾಲೆಗೆ ನಡೆದುಕೊಂಡು ಹೋಗುತ್ತಿದ್ದಾಗಲೂ.

“ತುಂಬಾ ಜನ ಇದ್ರು” ಎಂದಳು. “ಎಲ್ಲ ಕಲಸಿಹೋಗಿತ್ತು. ಯಾರ ದನೀನೂ ಗುರುತು ಸಿಗ್ಲಿಲ್ಲ.”

“ಹೂಂ” ಎಂದ ಬೇತೋ. ಅವನ ಹೆಗಲು ಸ್ವಲ್ಪ ಕೆಳಗಿಳಿಯಿತು.

ಯಾರೇಲಿ ಅಡಿಗೆಮನೆಗೆ ಹೋಗಿ, ಮುಚ್ಚಳವಿರುವ ದೊಡ್ಡ ಲೋಟವೊಂದನ್ನು ಹುಡುಕಿ, ಪೊಂಚೆ ತುಂಬಿಸಿ ತಂದು ಅವನ ಕೈಗೆ ಕೊಟ್ಟಳು.

“ಬಿಸಿ ಇದೆ, ಹುಷಾರು” ಎಂದಳು. “ಗಂಟಲಿಗೆ ಒಳ್ಳೇದು.”

ಬೇತೋ ಲೋಟವನ್ನೂ ಅವಳನ್ನೂ ನೋಡಿದ. ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಟ.

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಯಾವಾಗಲೂ ಓಡುತ್ತಲೇ ರಸ್ತೆ ದಾಟುವ ಬೇತೋ ಹಿಮದ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ನಡೆದ. ಎದುರು ಮನೆಯ ಬಾಗಿಲ ಮುಂದೆ ನಿಂತು ತನ್ನ ಹೆಸರು ಹೇಳಿದ. ಬಾಗಿಲು ಒಂದು ಗೇಣು ತೆರೆಯಿತು. ಅವನನ್ನು ಒಳಕ್ಕೆ ಎಳೆದುಕೊಂಡು ಮುಚ್ಚಿಕೊಂಡಿತು.

ಅಲ್ಲಿ ಚಿಲಕ ಬಿದ್ದರೆ ಇಲ್ಲಿಗೆ ಕೇಳಿಸುವಂತಿರಲಿಲ್ಲ. ಆದರೂ ಅದು ಬೀಳುವಷ್ಟು ಹೊತ್ತು ಯಾರೇಲಿ ಚಳಿಯಲ್ಲೇ ಕಾದಳು. ಆಮೇಲೆ ತನ್ನ ಬಾಗಿಲನ್ನು ಹಾಕಿಕೊಂಡಳು.